ಉಳಿಸಿಕೊಂಡ ಗಂಟೆಯ ಸದ್ದು

ಪತ್ರಿಕೆಯಲ್ಲಿ ಬಹಳ ವರ್ಷ ದುಡಿದು ಮುದ್ದೇಬಿಹಾಳದ ಕಡೆಯ ಸಮುದಾಯ ರೇಡಿಯೋಗೆ ಬಂದವನು ನಾನು. ಮಾತಾಡಿದವರ ಗುರುತು ಕಾಯುವುದು ನನಗೆ ಹೊಸದಲ್ಲ. ಹೆಸರು ತೆಗೆ, ಊರು ತೆಗೆ, ಉಳಿದದ್ದನ್ನು ಮುಟ್ಟಬೇಡ. ಪತ್ರಿಕೆಯಲ್ಲಿ ಈ ನಿಯಮ ಎಂದೂ ಕೈಕೊಟ್ಟಿರಲಿಲ್ಲ.

ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ದಲಿತ ಮಹಿಳೆಯೊಬ್ಬರನ್ನು ಮಾತಾಡಿಸಲು ಹೋಗಿದ್ದೆ. ಅವರು ಒಲೆ ಹಚ್ಚಿದ ದಿನದಿಂದ ಕೆಲವು ಮನೆಗಳ ಮಕ್ಕಳು ಡಬ್ಬಿ ತರತೊಡಗಿದ್ದರು. ಅಡುಗೆಕೋಣೆಯ ಹೊಸ್ತಿಲಲ್ಲಿ ಕುಳಿತು ಎಲ್ಲವನ್ನೂ ಹೇಳಿದ ಮೇಲೆ ಅವರ ಕಣ್ಣು ಮೈಕಿನ ಮೇಲೆ ಬಿತ್ತು.

“ನನ್ನ ಹೆಸರು ಬರಬಾರದ್ರಿ. ಕೈಯಾಗಿನ ಸೌಟು ಕಸಗೊಂಡ್ರ ಮುಗೀತು ನನ್ನ ಕತಿ.”

“ಹೆಸರೂ ಬರಂಗಿಲ್ಲ, ಊರೂ ಬರಂಗಿಲ್ಲ,” ಎಂದೆ.

“ನೀವು ಸಾಲಿ ಕಲತವ್ರು. ನಿಮ್ಮ ಮ್ಯಾಲೆ ಬಿಟ್ಟೇನಿ.”

ಅವರ ಮಾತನ್ನು ಸಹೋದ್ಯೋಗಿಯೊಬ್ಬಳ ದನಿಯಲ್ಲಿ ಓದಿಸಿದೆ. ಮೂಲ ಧ್ವನಿಮುದ್ರಿಕೆಯ ನಡುವೆ ಶಾಲೆಯ ಊಟದ ಗಂಟೆ ಹೊಡೆದಿತ್ತು. ಅದು ಬೇವಿನ ಮರಕ್ಕೆ ತೂಗುಹಾಕಿದ ಟ್ರ್ಯಾಕ್ಟರ್ ನೇಗಿಲಿನ ಹಳೆಯ ಕಬ್ಬಿಣದ ತಟ್ಟೆ. ಬಿರುಕು ಬಿಟ್ಟಿದ್ದರಿಂದ ಹೊಡೆದ ಮೇಲೂ ಒಂದಷ್ಟು ಹೊತ್ತು ಜುಂಯ್ ಎನ್ನುತ್ತದೆ. ಆ ಸದ್ದನ್ನಷ್ಟೇ ಕತ್ತರಿಸಿ ಸಹೋದ್ಯೋಗಿಯ ಓದಿನ ನಡುವೆ ಸೇರಿಸಿದೆ.

“ಸರ, ಇದು ಬೇಕೇನ್ರಿ?” ಎಂದಳು ಆಕೆ.

“ಇರಲಿ. ಇಲ್ಲಂದ್ರ ಖೋಲಿಯಾಗ ಕುಂತು ಓದಿದಂಗ ಆಗತೈತಿ.”

ನಮ್ಮ ರೇಡಿಯೋ ಕೇಳಿಸುವುದು ಸುತ್ತಲಿನ ಕೆಲವೇ ಹಳ್ಳಿಗಳಿಗೆ. ಪತ್ರಿಕೆಯ ಓದುಗರು ದೂರದವರು, ಇಲ್ಲಿನ ಕೇಳುಗರಲ್ಲಿ ಆ ಗಂಟೆಗೇ ಊಟಕ್ಕೆ ಓಡಿ ಬೆಳೆದವರಿದ್ದಾರೆ. ನನಗೆ ಇದು ಹೊಳೆಯಲಿಲ್ಲ.

ಪ್ರಸಾರದ ಹೊತ್ತಿಗೆ ಹಿಟ್ಟಿನ ಗಿರಣಿಯಲ್ಲಿ ನಿಂತಿದ್ದವರು ನಕ್ಕರಂತೆ: “ಏ, ಇದು ನಮ್ಮ ಸಾಲಿ ಗಂಟಿ ಅಲ್ಲೇನೋ! ಹಂಗಾದ್ರ ಮಾತಾಡಿದಾಕಿ ಯಾರಂತ ಕೇಳೂದೇನೈತಿ?” ವಾರ ಮುಗಿಯುವುದರೊಳಗೆ ಒಲೆಯ ಮುಂದೆ ಬೇರೊಬ್ಬರು ನಿಂತರು. ಇವರನ್ನು ಪಾತ್ರೆ ತೊಳೆಯಲು ಹಚ್ಚಿದರು.

ತಿಳಿದ ಕೂಡಲೇ ಶಾಲೆಗೆ ಹೋದೆ. ನಲ್ಲಿಯ ಹತ್ತಿರ ಬೂದಿ ಹಚ್ಚಿ ಕೊಳಗ ತಿಕ್ಕುತ್ತಿದ್ದರು.

“ಬರ್ರಿ ರೇಡಿಯೋದವ್ರ. ಮಾತಿಗೆ ತಪ್ಪಲಿಲ್ಲ ನೀವು. ಹೆಸರು ಎಲ್ಲೂ ಬರಲಿಲ್ಲ ನೋಡ್ರಿ.”

ತಪ್ಪಾದರೆ ಒಪ್ಪಿಕೊಂಡು ತಿದ್ದುಪಡಿ ಕೊಡಬೇಕೆಂಬುದೂ ನಾನು ಕಲಿತ ನಿಯಮವೇ. ನಾಲ್ಕು ಸಾಲು ಬರೆದು ತಂದಿದ್ದೆ. ಓದಿ ಹೇಳಿದೆ. ಅವರು ತಿಕ್ಕುವುದನ್ನು ನಿಲ್ಲಿಸಿದರು.

“ಬ್ಯಾಡ್ರಿ ಯಪ್ಪಾ. ಅದು ನಾನಲ್ಲ ಅಂತ ಮನಿ ಮನಿಗೆ ಹೇಳಾಕತ್ತೇನಿ. ನಾಕು ಮಂದಿ ನಂಬ್ಯಾರ. ನೀವು ತಪ್ಪಾತು ಅಂದ್ರ ಅವ್ರಿಗೂ ಖಾತ್ರಿ ಆಗತೈತಿ.”

ತಪ್ಪು ನನ್ನದು, ಸುಳ್ಳು ಹೇಳುತ್ತ ತಿರುಗುತ್ತಿದ್ದವರು ಅವರು. ಹಾಳೆಯನ್ನು ಮಡಚಿದೆ. ನನ್ನಿಂದ ಇನ್ನೇನಾಗಬೇಕು ಎಂದು ಕೇಳಿದೆ.

“ಮತ್ತ ಇಲ್ಲಿ ಬರಬ್ಯಾಡ್ರಿ,” ಎಂದು ಗೇಟಿನತ್ತ ನೋಡಿದರು. “ಅದನ್ನ ಮೊದಲ ಇಲ್ಲಿಂದ ತಗೊಂಡ ಹೋಗ್ರಿ.”

ರೇಡಿಯೋ ಕೇಂದ್ರದ ಹೆಸರನ್ನು ದೊಡ್ಡದಾಗಿ ಬರೆಸಿದ್ದ ಬೈಕನ್ನು ನಾನು ಶಾಲೆಯ ಎದುರಿಗೇ ನಿಲ್ಲಿಸಿ ಬಂದಿದ್ದೆ.