ಹಿಲ್ಡೂರ್ ಅತ್ತೆಯ ನಾಯಿಗೆ ಸಕ್ಕರೆ ತಿನ್ನಿಸಿದ್ದು ಯಾರು

ನನ್ನ ಅಪ್ಪನ ತಂಗಿ ಹಿಲ್ಡೂರ್ ಅತ್ತೆ ಯಾರನ್ನೂ ನಂಬಿದವಳಲ್ಲ. ರೇಡಿಯೊದಲ್ಲಿ ಹವಾಮಾನ ಹೇಳುವವನನ್ನು ನಂಬುತ್ತಿರಲಿಲ್ಲ, ಪಾದ್ರಿಯನ್ನು ನಂಬುತ್ತಿರಲಿಲ್ಲ, ಅಂಗಡಿಯ ತಕ್ಕಡಿಯನ್ನಂತೂ ಕೇಳಲೇಬೇಡಿ. ಬೇಸಿಗೆಯ ಕೊನೆಯಲ್ಲಿ ಜೌಗುನೆಲದ ಹಳದಿ ಹಣ್ಣು ಕೊಯ್ಯಲು ಹೊರಟಾಗ, ಉತ್ತರಕ್ಕೆ ಹೋಗಬೇಕಾದವಳು ಮೊದಲು ಊರ ಮುಂದೆಯೇ ದಕ್ಷಿಣಕ್ಕೆ ಸೈಕಲ್ ತುಳಿದು, ಕಾಡಿನ ಒಳಗಿಂದ ಸುತ್ತು ಹಾಕಿ ತನ್ನ ಜಾಗ ಸೇರುತ್ತಿದ್ದಳು. ಹಣ್ಣಿನ ಜಾಗ ಮುಚ್ಚಿಡುವ ಚಾಳಿ ನಮ್ಮ ಗ್ರಾನ್‌ಹೆಡೆನ್‌ನಲ್ಲಿ ಎಲ್ಲರಿಗೂ ಇದೆ. ಆದರೆ ಕಟ್ಟಿಕೊಂಡ ಗಂಡನಿಗೂ ಹೇಳದೆ ಮುಚ್ಚಿಟ್ಟವಳು ಅವಳೊಬ್ಬಳೇ. ಮಾವ ಬದುಕಿದ್ದಷ್ಟು ಕಾಲವೂ ಆ ಹಣ್ಣಿನ ಜಾಮ್ ಚಪ್ಪರಿಸಿದ, ಅದು ಎಲ್ಲಿ ಬೆಳೆಯುತ್ತದೆಂದು ತಿಳಿಯದೆಯೇ ತೀರಿಹೋದ.

ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದು ನಿವೃತ್ತಳಾದ ಹೆಂಗಸು ಅವಳು. ಯಾವ ಮಗು ಎರಡನೇ ಸಲ ಸಾಲಿಗೆ ನಿಂತಿದೆ ಎಂದು ಮುಖ ನೋಡದೆ ಬೂಟು ನೋಡಿ ಹೇಳುತ್ತಿದ್ದಳು. ಮಾವ ಹೋದಮೇಲೆ ಮನೆಯಲ್ಲಿ ಉಳಿದದ್ದು ಅವಳು ಮತ್ತು ಬಾಸ್ಸೆ. ಬಾಸ್ಸೆ ಮಾವನ ಬೇಟೆನಾಯಿ, ಬೂದು ಬಣ್ಣದ್ದು, ಸುರುಳಿ ಬಾಲದ್ದು. ಕಡವೆಯನ್ನು ತಡೆದು ನಿಲ್ಲಿಸುತ್ತಿದ್ದ ನಾಯಿ ಈಗ ಅತ್ತೆಯ ಕಾಲ ಬುಡದಲ್ಲಿ ಬಿದ್ದುಕೊಂಡು ಅವಳ ದೂರುಗಳನ್ನು ಕೇಳುತ್ತಿತ್ತು. ಅತ್ತೆ ನಂಬಿದ ಜೀವ ಈ ಲೋಕದಲ್ಲಿ ಅದೊಂದೇ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಆ ಶರತ್ಕಾಲದಲ್ಲಿ ಬಾಸ್ಸೆಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ನೀರಿನ ಬೋಗುಣಿ ಇಟ್ಟಷ್ಟೂ ಖಾಲಿ, ಮೈ ಮಾತ್ರ ಇಳಿಯುತ್ತ ಬಂತು. ಪೇಟೆಯ ಪಶುವೈದ್ಯರು ದಿನಕ್ಕೆರಡು ಇನ್ಸುಲಿನ್ ಚುಚ್ಚುಮದ್ದು ಬರೆದುಕೊಟ್ಟರು. ಬೆಳಿಗ್ಗೆ ರಕ್ತದ ಸಕ್ಕರೆಯನ್ನು ಮನೆಯಲ್ಲೇ ನೋಡಿ ಫೋನ್ ಮಾಡಿ ಹೇಳಬೇಕೆಂದರು. ಕಿವಿಯ ಅಂಚನ್ನು ಬೆರಳಲ್ಲಿ ಉಜ್ಜಿ ಬಿಸಿ ಮಾಡಿ, ಸಣ್ಣ ಸೂಜಿ ಚುಚ್ಚಿ, ಬಂದ ಹನಿಗೆ ಪಟ್ಟಿಯ ತುದಿ ತಾಗಿಸಿದರೆ ಯಂತ್ರ ಸಂಖ್ಯೆ ತೋರಿಸುತ್ತದೆ. ನಮ್ಮ ಕಡೆಯ ಲೆಕ್ಕದಲ್ಲಿ ಹತ್ತರ ಆಸುಪಾಸು ಇದ್ದರೆ ನೆಮ್ಮದಿ, ಇಪ್ಪತ್ತು ದಾಟಿದರೆ ಗಾಬರಿ, ಮೂರಕ್ಕಿಂತ ಕೆಳಗಿಳಿದರೆ ನಾಯಿ ಕೈತಪ್ಪಿಹೋದ ಹಾಗೆ.

ಮೊದಲು ಅತ್ತೆ ಏಳುತ್ತಲೇ ಪರೀಕ್ಷೆ ಮಾಡುತ್ತಿದ್ದಳು. ಸಂಖ್ಯೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಚಳಿ ಬಲಿತಂತೆ ಅವಳ ಕೈ ತಣ್ಣಗೆ ಕೊರೆಯತೊಡಗಿ, ಬಾಸ್ಸೆ ಕಿವಿ ಕೊಡವಿಕೊಂಡು ಮೇಜಿನ ಕೆಳಗೆ ನುಗ್ಗುತ್ತಿತ್ತು. ಹಾಗಾಗಿ ಕಾಫಿ ಕುಡಿದು, ಬಟ್ಟಲು ಹಿಡಿದು ಕೈ ಬೆಚ್ಚಗಾದ ಮೇಲೆ ಪರೀಕ್ಷೆ ಎಂದು ಬದಲಾಯಿಸಿಕೊಂಡಳು.

ಅತ್ತೆಯ ಬೆಳಗಿನ ಕಾಫಿ ಎಂದರೆ ಜೊತೆಗೆ ವಾಲ್‌ಫ್ರಿಡ್ ಇದ್ದಂತೆಯೇ. ರಸ್ತೆಯಾಚೆಯ ಮನೆಯ ಮುದುಕ, ಮದುವೆಯಾಗದವನು, ಆಯುಸ್ಸೆಲ್ಲ ಕಾಡಿನಲ್ಲಿ ಕುದುರೆ ಕಟ್ಟಿ ಮರದ ದಿಮ್ಮಿ ಎಳೆಸಿದವನು. ಬಾಗಿಲು ತಟ್ಟುವ ಪದ್ಧತಿ ನಮ್ಮಲ್ಲಿಲ್ಲ. ಒಳಗೆ ಬಂದು, ಬೂಟು ಕಳಚಿ, ಸೌದೆ ಪೆಟ್ಟಿಗೆಯ ಮೇಲೆ ಕೂರುತ್ತಿದ್ದ. ಅತ್ತೆ ಮಾಡಿದ ಒಂದು ಬನ್ನು ಅವನ ಕೈಗೆ ಬರುತ್ತಿತ್ತು. ಬಾಸ್ಸೆ ಹೋಗಿ ಅವನ ತೊಡೆಗೆ ಗದ್ದ ಆನಿಸುತ್ತಿತ್ತು. ಅತ್ತೆ, ವಾಲ್‌ಫ್ರಿಡ್ ಇಬ್ಬರೂ ಹಳೆಯ ಕಾಲದವರು, ಕಾಫಿಯನ್ನು ತಟ್ಟೆಗೆ ಸುರಿದುಕೊಂಡು, ಸಕ್ಕರೆ ತುಂಡನ್ನು ಅದರಲ್ಲಿ ಅದ್ದಿ ಮುಂದಿನ ಹಲ್ಲಿನಲ್ಲಿ ಕಚ್ಚಿಕೊಂಡು, ಅದರ ಮೂಲಕ ಸೊರ್ ಎಂದು ಹೀರುವವರು. ಒಂದು ಗಂಟೆ ಕೂತರೆ ಹತ್ತು ಮಾತು ಆಡುತ್ತಿದ್ದರೋ ಇಲ್ಲವೋ. ಅದರಲ್ಲಿ ಎಂಟು ಅತ್ತೆಯವೇ.

ಹೊಸ ವರ್ಷ ಕಳೆದ ಮೇಲೆ ಸಂಖ್ಯೆ ಏರಿತು. ಹದಿನೇಳು, ಹತ್ತೊಂಬತ್ತು, ಇಪ್ಪತ್ತೆರಡು. ಆಸ್ಪತ್ರೆಗೆ ಫೋನ್ ಮಾಡಿದರೆ ಮದ್ದು ಸ್ವಲ್ಪ ಹೆಚ್ಚಿಸಿ ಎಂದರು. ಹೆಚ್ಚಿಸಿದಳು, ಸಂಖ್ಯೆ ಇಳಿಯಲಿಲ್ಲ. ಅತ್ತೆಗೆ ಕಾರಣ ಹೊಳೆಯುವುದಕ್ಕೆ ಹೊತ್ತು ಬೇಕಾಗಲಿಲ್ಲ. ಯಾರೋ ನಾಯಿಗೆ ಕದ್ದು ಸಿಹಿ ಹಾಕುತ್ತಿದ್ದಾರೆ.

ಮೊದಲ ಸರದಿ ನನ್ನದು. “ಬೇರಿತ್, ಇಲ್ಲಿ ನೋಡು ನನ್ನ ಮುಖಾನ,” ಎಂದಳು. “ಮೊನ್ನೆ ಅವನನ್ನ ಸುತ್ತಾಡಿಸೋಕೆ ಕರ್ಕೊಂಡು ಹೋದಾಗ ಏನ್ ಕೊಟ್ಟೆ?”

“ಏನೂ ಕೊಟ್ಟಿಲ್ಲ ಅತ್ತೆ. ಹಿಮ ತಿಂದ ಅಷ್ಟೇ.”

“ಕೇಳಿದ ತಕ್ಷಣ ಉತ್ತರ ರೆಡಿ ಇಟ್ಕೊಂಡಿದೀಯಲ್ಲ.”

ಅದಾದ ಮೇಲೆ ನಾನು ಹೋದಾಗಲೆಲ್ಲ ಅವಳು ಬಾಸ್ಸೆಯ ಬಾಯಿ ತೆರೆಸಿ ಮೂಸುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಆದರೆ ನನ್ನ ಮೇಲಿನ ಅನುಮಾನ ಹೆಚ್ಚು ದಿನ ಬಾಳಲಿಲ್ಲ. ಪ್ರತಿ ಬೆಳಿಗ್ಗೆ ಪರೀಕ್ಷೆಗೆ ಸ್ವಲ್ಪ ಮುಂಚೆ ನಾಯಿಯ ಪಕ್ಕದಲ್ಲಿ ಕೂತಿರುವವನು ಬೇರೊಬ್ಬನಿದ್ದನಲ್ಲ. ವಾಲ್‌ಫ್ರಿಡ್ ಹಿತ್ತಲ ಕಡೆ ಹೋದಾಗ ಅತ್ತೆ ಅವನ ಕೋಟಿನ ಜೇಬುಗಳನ್ನು ತಡಕಿದಳು. ಸಿಕ್ಕಿದ್ದು ನಶ್ಯದ ಡಬ್ಬಿ, ಒಂದು ಮೊಳೆ. “ತುಂಬಾ ಜಾಣ,” ಎಂದು ನನ್ನ ಹತ್ತಿರ ಪಿಸುಗುಟ್ಟಿದಳು. “ಒಂದು ಚೂರು ಪುಡೀನೂ ಉಳಿಸಿಲ್ಲ.”

ಅವನನ್ನು ನೇರವಾಗಿ ಕೇಳಬಹುದಿತ್ತು. ನಮ್ಮವರು ಹಾಗೆ ಕೇಳುವ ಜನವಲ್ಲ. ಅತ್ತೆ ಒಂದು ದಿನ ಬೆಳಿಗ್ಗೆ ಎದ್ದು ಬಾಗಿಲಿಗೆ ಹೊರಗಿನಿಂದ ಪೊರಕೆ ಒರಗಿಸಿ, ಹಿಂದಿನ ಬಾಗಿಲಿನಿಂದ ಒಳಗೆ ಬಂದು ಕೂತಳು. ಬಾಗಿಲಿಗೆ ಪೊರಕೆ ಒರಗಿದ್ದರೆ ಮನೆಯಲ್ಲಿ ಯಾರೂ ಇಲ್ಲ ಎಂದು ಅರ್ಥ. ನಮ್ಮ ಕಡೆ ಬೀಗಕ್ಕಿಂತ ಅದಕ್ಕೇ ಮರ್ಯಾದೆ ಜಾಸ್ತಿ. ವಾಲ್‌ಫ್ರಿಡ್ ಬಂದ, ಪೊರಕೆ ನೋಡಿದ, ಚಿಮಣಿಯಿಂದ ಹೊಗೆ ಏಳುತ್ತಿರುವುದನ್ನೂ ನೋಡಿದ. ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ನಿಂತು ವಾಪಸ್ಸು ಹೋದ. ಮರುದಿನವೂ ಪೊರಕೆ, ಅದರ ಮರುದಿನವೂ ಪೊರಕೆ. ಆಮೇಲೆ ಅವನು ಬರುವುದನ್ನೇ ಬಿಟ್ಟ.

“ತಪ್ಪು ಮಾಡದವನಾಗಿದ್ರೆ ಬಂದು ಜಗಳ ಆಡ್ತಿದ್ದ,” ಎಂದಳು ಅತ್ತೆ. “ಬಾಯೇ ಬಿಡಲಿಲ್ಲ ನೋಡು.”

ಅವನು ಬಾಯಿ ಬಿಡದಿದ್ದದ್ದು ನನಗೂ ವಿಚಿತ್ರವಾಗಿ ಕಂಡಿತು. ಅಂಗಡಿಯಲ್ಲಿ ಹತ್ತು ಜನರೆದುರು ಅತ್ತೆ, ಕೆಲವರು ಬೇರೆಯವರ ನಾಯಿಯನ್ನು ನಿಧಾನವಾಗಿ ಕೊಲ್ಲುತ್ತಾರೆ, ನೋಡೋಕೆ ಮಾತ್ರ ದೇವರಂಥವರು ಎಂದು ದೊಡ್ಡ ದನಿಯಲ್ಲಿ ಹೇಳಿದಾಗ, ಹಿಟ್ಟಿನ ಸಾಲಿನ ಹತ್ತಿರ ನಿಂತಿದ್ದ ವಾಲ್‌ಫ್ರಿಡ್ ತಲೆ ತಗ್ಗಿಸಿದ. ಅವನಿಗೆ ನಾಟಿತು. ಅದಾದ ಮೇಲೆ ಅವನು ತನ್ನ ಕಿಟಕಿಯಲ್ಲಿ ನಿಂತು ಅತ್ತೆಯ ಅಂಗಳವನ್ನೇ ನೋಡುತ್ತಿರುವುದನ್ನು ನಾನು ಎಷ್ಟೋ ಸಲ ಕಂಡೆ. ಮುದುಕನ ಹೊಟ್ಟೆಯಲ್ಲಿ ಏನೋ ಇದೆ ಎಂದು ನನಗೂ ಖಾತ್ರಿಯಾಯಿತು.

ವಿಚಿತ್ರವೆಂದರೆ ಅವನು ಬರುವುದು ನಿಂತರೂ ಸಂಖ್ಯೆ ಇಳಿಯಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ತಾನು ಹಿಡಿದ ದಾರಿ ತಪ್ಪೇನೋ ಎಂದುಕೊಳ್ಳುತ್ತಿದ್ದರು. ಅತ್ತೆ ಬೇಲಿಯುದ್ದಕ್ಕೂ ಹಿಮದಲ್ಲಿ ಹೆಜ್ಜೆ ಹುಡುಕಿದಳು. ಒಂದೂ ಇರಲಿಲ್ಲ.

“ಹೆಜ್ಜೆ ಇಲ್ಲ ಅಂದ್ರೆ ಯಾರೂ ಬಂದಿಲ್ಲ ಅಂತ ಅಲ್ವಾ ಅತ್ತೆ?”

“ಅಳಿಸಿ ಹೋಗಿದಾನೆ ಅಂತ. ನಿಂಗೆ ಜನ ಗೊತ್ತಿಲ್ಲ ಬೇರಿತ್.”

ಮದ್ದು ಇನ್ನೊಮ್ಮೆ ಹೆಚ್ಚಾಯಿತು, ಈ ಸಲ ಆಸ್ಪತ್ರೆಯವರನ್ನು ಕೇಳದೆ. ಅವರನ್ನೂ ಅವಳು ನಂಬುವುದನ್ನು ಬಿಟ್ಟಿದ್ದಳು.

ಮಾರ್ಚ್ ತಿಂಗಳ ಒಂದು ದಿನ, ಹತ್ತು ಗಂಟೆಯ ಕಾಫಿಯ ಹೊತ್ತು ಕಳೆದು ಸ್ವಲ್ಪ ಹೊತ್ತಿಗೆ ಅತ್ತೆ ಫೋನ್ ಮಾಡಿದಳು. “ಬಾ,” ಎಂದಳು, ಇಟ್ಟುಬಿಟ್ಟಳು. ಓಡಿದೆ. ಬಾಗಿಲಿಗೆ ಪೊರಕೆ ಒರಗಿಯೇ ಇತ್ತು, ಅದನ್ನು ಕಾಲಿನಿಂದ ಒದ್ದು ಒಳಗೆ ನುಗ್ಗಿದೆ.

ಬಾಸ್ಸೆ ನೆಲದ ಮೇಲೆ ಹಿಂಗಾಲು ಸೋತು ಬಿದ್ದಿತ್ತು. ಮೈಯೆಲ್ಲ ನಡುಗುತ್ತಿತ್ತು, ಕಣ್ಣು ನಮ್ಮನ್ನು ಗುರುತಿಸುತ್ತಿರಲಿಲ್ಲ. ಮೇಜಿನ ಮೇಲೆ ಯಂತ್ರ ಇಪ್ಪತ್ತೊಂದು ಎಂದು ತೋರಿಸುತ್ತಿತ್ತು. ಅತ್ತೆಯ ಕೈಯಲ್ಲಿ ತುಂಬಿದ ಸಿರಿಂಜ್ ಇತ್ತು.

“ಸಕ್ಕರೆ ತಲೆಗೇರಿದೆ. ಕೊಂದ ಅವನು ನನ್ನ ನಾಯೀನ,” ಎಂದಳು. “ಹಿಡ್ಕೋ ಇವನನ್ನ, ಇನ್ನೊಂದು ಚುಚ್ತೀನಿ.”

ನನಗೆ ವೈದ್ಯ ಗೊತ್ತಿಲ್ಲ. ಆದರೆ ಹೆದರಿದವರ ಕೈಯಲ್ಲಿ ಸೂಜಿ ಇರಬಾರದೆಂದು ಗೊತ್ತು. ಅತ್ತೆಯ ಮಣಿಕಟ್ಟು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಆಸ್ಪತ್ರೆಗೆ ಫೋನ್ ಹಚ್ಚಿ, ಅವಳಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟೆ. ನಾಯಿಯ ಸ್ಥಿತಿಯನ್ನೂ ಯಂತ್ರದ ಸಂಖ್ಯೆಯನ್ನೂ ಹೇಳಿದೆ. ಆ ಕಡೆಯಿಂದ ನರ್ಸ್ ಮೊದಲು ಕೇಳಿದ್ದು, ನಾಯಿ ಈಚೆಗೆ ಎಷ್ಟು ನೀರು ಕುಡಿಯುತ್ತಿದೆ ಎಂದು.

“ಸುಮಾರಾಗಿ,” ಎಂದಳು ಅತ್ತೆ. “ಅರ್ಧ ಬೋಗುಣಿ.”

“ಇಪ್ಪತ್ತೊಂದು ಇರೋ ನಾಯಿ ಬಕೆಟ್‌ಗಟ್ಟಲೆ ಕುಡೀಬೇಕಿತ್ತು. ಪರೀಕ್ಷೆ ಮಾಡೋ ಮುಂಚೆ ಕೈ ತೊಳೆದ್ರಾ?”

“ನನ್ನ ಕೈ ಕೊಳಕು ಅಂತೀಯೇನಮ್ಮ ನೀನು? ಮೂವತ್ತು ವರ್ಷ ಮಕ್ಕಳಿಗೆ ಬಡಿಸಿರೋ ಕೈ ಇದು.”

“ಕೊಳಕು ಅಂದಿಲ್ಲ. ಸ್ವಲ್ಪ ಮುಂಚೆ ಏನ್ ತಿಂದ್ರಿ, ಏನ್ ಮುಟ್ಟಿದ್ರಿ?”

ಅತ್ತೆ ತಿರುಗಿ ನೋಡಿದಳು. ಮೇಜಿನ ಮೇಲೆ ಕಾಫಿ ತಟ್ಟೆ ಇತ್ತು, ಅದರ ಅಂಚಿನಲ್ಲಿ ಅರ್ಧ ಕರಗಿದ ಸಕ್ಕರೆ ತುಂಡು. ಅವಳು ತನ್ನ ಹೆಬ್ಬೆರಳನ್ನೂ ತೋರುಬೆರಳನ್ನೂ ಒಂದಕ್ಕೊಂದು ಒತ್ತಿ ಬಿಡಿಸಿದಳು. ಅಂಟಿಕೊಂಡವು. ಅದೇ ಎರಡು ಬೆರಳಿನಿಂದ ಅವಳು ಪ್ರತಿದಿನ ನಾಯಿಯ ಕಿವಿಯನ್ನು ಉಜ್ಜಿ ಬಿಸಿ ಮಾಡುತ್ತಿದ್ದಳು.

“ಕೈ ಸೋಪು ಹಾಕಿ ತೊಳೀರಿ, ಇನ್ನೊಂದು ಕಿವೀನ ಒರೆಸಿ ನೋಡಿ. ಬೇಗ,” ಎಂದಳು ನರ್ಸ್.

ಕೈ ತೊಳೆದು ಚುಚ್ಚಿದ್ದು ನಾನು. ಅತ್ತೆ ಬಾಸ್ಸೆಯ ತಲೆ ಹಿಡಿದುಕೊಂಡಳು. ಎರಡು ಚಿಲ್ಲರೆ ಬಂತು.

ನಾಯಿಯ ರಕ್ತದಲ್ಲಿ ಹೆಚ್ಚೂಕಡಿಮೆ ಸಕ್ಕರೆಯೇ ಇರಲಿಲ್ಲ. ಬೆರಳಿನ ಮೇಲಿದ್ದ ಸಕ್ಕರೆಯನ್ನು ಅಳೆದು ಅಳೆದು, ಅದಕ್ಕೆ ಮದ್ದನ್ನು ನಾಯಿಗೆ ಚುಚ್ಚುತ್ತ ಬಂದಿದ್ದೆವು. ಆ ಸಿರಿಂಜ್ ಒಳಗೆ ಹೋಗಿದ್ದರೆ ಬಾಸ್ಸೆ ಅಲ್ಲೇ ಮುಗಿದುಹೋಗುತ್ತಿತ್ತು. ನರ್ಸ್ ಹೇಳಿದಂತೆ ಜೇನುತುಪ್ಪವನ್ನು ವಸಡಿಗೆ ಸವರಿದೆವು, ಸ್ವಲ್ಪ ತಡೆದು ಮತ್ತೆ ಸವರಿದೆವು. ಅತ್ತೆ ನೆಲದ ಮೇಲೆ ಕಾಲು ಚಾಚಿ ಕೂತು ನಾಯಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು; ಮಾವನ ಮಣ್ಣಿನ ದಿನವೂ ಅತ್ತಿರಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಬಾಸ್ಸೆ ಅವಳ ಬೆರಳು ನೆಕ್ಕಿತು. ಆಮೇಲೆ ತಲೆ ಎತ್ತಿತು.

ಪೇಟೆಗೆ ಕರೆದುಕೊಂಡು ಹೋಗಿ ತೋರಿಸಿದೆವು. ಅಲ್ಲಿ ಒಂದು ರಾತ್ರಿ ಇಟ್ಟುಕೊಂಡು, ಮದ್ದನ್ನು ಹಳೆಯ ಅಳತೆಗೆ ಇಳಿಸಿ ಕಳಿಸಿದರು. ಮನೆಗೆ ಬಂದು ನಾಯಿಯನ್ನು ಮಲಗಿಸಿದ ಮೇಲೆ ಅತ್ತೆ ಒಳ್ಳೆಯ ಕೋಟು ಹಾಕಿಕೊಂಡಳು.

“ವಾಲ್‌ಫ್ರಿಡ್ ಮನೆಗೆ ಹೋಗ್ಬೇಕು. ನೀನೂ ಬಾ.”

“ನಾನ್ಯಾಕೆ?”

“ನಾನು ಕ್ಷಮೆ ಕೇಳಿದೆ ಅಂದ್ರೆ ಈ ಊರಲ್ಲಿ ಯಾರು ನಂಬ್ತಾರೆ? ಸಾಕ್ಷಿ ಬೇಕು.”

ವಾಲ್‌ಫ್ರಿಡ್ ಅಡುಗೆಮನೆಯ ಕಿಟಕಿಯ ಬಳಿಯೇ ಇದ್ದ. ನಮ್ಮನ್ನು ಕಂಡು ಎದ್ದು ನಿಂತ. ಕೂರಿ ಎನ್ನಲಿಲ್ಲ. “ಹೋಯ್ತಾ ಅದು?” ಎಂದು ಕೇಳಿದ. “ನಿನ್ನೆ ಕಾರಿಗೆ ಹೊತ್ಕೊಂಡು ಹೋಗಿದ್ದು ನೋಡಿದೆ.”

“ಇಲ್ಲ, ಬದುಕಿದೆ,” ಎಂದಳು ಅತ್ತೆ. ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ. ಅತ್ತೆ ನಿಂತಲ್ಲೇ, ಕಲಿತ ಪಾಠ ಒಪ್ಪಿಸುವವಳಂತೆ ಹೇಳಿದಳು. “ನೀನು ಕದ್ದು ಸಿಹಿ ಹಾಕ್ತಿದೀಯ ಅಂದ್ಕೊಂಡೆ. ನಿನ್ನ ಜೇಬು ತಡಕಿದೆ. ಅಂಗಡೀಲಿ ಮಾನ ಕಳೆದೆ. ಮನೇಲಿದ್ಕೊಂಡೇ ಪೊರಕೆ ಇಟ್ಟೆ. ಸಕ್ಕರೆ ಇದ್ದಿದ್ದು ನನ್ನ ಬೆರಳಲ್ಲೇ, ವಾಲ್‌ಫ್ರಿಡ್. ಕ್ಷಮಿಸಿಬಿಡು.”

ಮುದುಕ ಕಿಟಕಿಯ ಕಡೆ ತಿರುಗಿದ. ಕ್ಷಮೆ ಕೇಳಿಸಿಕೊಂಡವನ ಮುಖ ಅದಾಗಿರಲಿಲ್ಲ.

“ಕೊಟ್ಟಿದ್ದೆ,” ಎಂದ.

“ಏನು?”

“ಕ್ರಿಸ್ಮಸ್‌ಗೆ ಮುಂಚೆ. ನೀನು ಸೌದೆ ತರೋಕೆ ಹೋಗಿದ್ದೆ. ಬಾಸ್ಸೆ ಹಂಗೇ ನೋಡ್ತಾ ಕೂತಿದ್ದ, ನನ್ನ ಬನ್ನಲ್ಲಿ ಒಂದು ತುಂಡು ಮುರಿದು ಕೊಟ್ಟೆ. ಒಂದೇ ಸಲ. ಆಮೇಲೆ ಪೊರಕೆ ನೋಡಿದಾಗ, ನಿಂಗೆ ಗೊತ್ತಾಯ್ತು ಅನ್ಕೊಂಡೆ. ಅಂಗಡೀಲಿ ನೀನು ಅಂದಿದ್ದೂ ಸರೀನೇ ಅನ್ನಿಸ್ತು. ದಿನಾ ಇಲ್ಲೇ ನಿಂತು ನೋಡ್ತಿದ್ದೆ, ಅವನು ಇವತ್ತು ಹೊರಗೆ ಬರ್ತಾನೋ ಇಲ್ವೋ ಅಂತ. ನಾನೇ ಕೊಲ್ತಾ ಇದೀನಿ ಅಂತ.”

ನಾನು ಅತ್ತೆಯ ಮುಖ ನೋಡಿದೆ. ಹುಟ್ಟಿದಾಗಿನಿಂದ ಜಗತ್ತಿನ ಮೇಲೆಲ್ಲ ಅನುಮಾನಪಟ್ಟ ಹೆಂಗಸಿಗೆ ಕೊನೆಗೂ ಒಬ್ಬ ಕಳ್ಳ ತಾನಾಗಿ ಸಿಕ್ಕಿಬಿದ್ದಿದ್ದ. ಹಳೆಯ ಅತ್ತೆಯಾಗಿದ್ದರೆ ವರ್ಷವಿಡೀ ಇದನ್ನೇ ಆಡಿಕೊಂಡಿರುತ್ತಿದ್ದಳು. ಈಗ ಅವಳ ತುಟಿ ಒಂದೆರಡು ಸಲ ಅಲುಗಿತು. ಬೈಯುತ್ತಾಳೆ ಎಂದುಕೊಂಡೆ.

“ಯಾವ ಬನ್ನು? ನಾನು ಮಾಡಿದ್ದಾ?”

“ನೀನು ಮಾಡಿದ್ದೇ.”

“ಹಂಗಾದ್ರೆ ಏನೂ ಆಗಿರಲ್ಲ ಬಿಡು,” ಎಂದಳು ಅತ್ತೆ. “ನಾನು ಬನ್ನಿಗೆ ಸಕ್ಕರೆ ಹಾಕೋದೇ ಕಡಿಮೆ.”

ಅತ್ತೆಯ ಬನ್ನು ತಿಂದವರ ಹಲ್ಲು ಸಿಹಿಗೆ ಜುಮ್ಮೆನ್ನುತ್ತದೆ. ಗ್ರಾನ್‌ಹೆಡೆನ್‌ನಲ್ಲಿ ಇದು ಗೊತ್ತಿಲ್ಲದ ಮಗುವಿಲ್ಲ. ಅವಳ ಮೇಜಿನಲ್ಲಿ ಅದನ್ನು ಇಷ್ಟು ವರ್ಷ ತಿಂದ ವಾಲ್‌ಫ್ರಿಡ್‌ಗೆ ಗೊತ್ತಿಲ್ಲವೇ? ಅವನು ಅವಳ ಮುಖವನ್ನೇ ನೋಡಿದ, ಆಮೇಲೆ ಕುರ್ಚಿಯ ಮೇಲೆ ಕುಸಿದು ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

“ಹೌದು,” ಎಂದ ಕೈಗಳ ಒಳಗಿಂದಲೇ. “ಕಡಿಮೇನೇ ಇರುತ್ತೆ.”