ಒಂದೇ ನಂಬರಿನ ಇಬ್ಬರು

ಆಸ್ಪತ್ರೆಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದ ಆಕೆಯನ್ನು ಡಾಕ್ಟರರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರೂ ಕರೆಯುತ್ತಿದ್ದದ್ದು ಕಂಪ್ಯೂಟರಕ್ಕ ಎಂದೇ. ಮೆಟ್ಟಿಲ ಕೆಳಗಿನ ಕಿಟಕಿಯಿಲ್ಲದ ಕೋಣೆ ಅವಳದು. ಸರ್ವರ್‌ಗೆ ತಂಪು ಬೇಕೆಂದು ಏಸಿ ಸದಾ ಓಡುತ್ತಿದ್ದುದರಿಂದ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಳು. "ನಿನ್ನ ಸಂಸಾರ ಏನಿದ್ರೂ ಆ ಡಬ್ಬದ ಜೊತೆನೇ," ಎಂದು ಗಂಡ ರೇಗಿಸುತ್ತಿದ್ದ.

ಸರ್ವರ್‌ನ ಹಳೆಯ ಸಾಫ್ಟ್‌ವೇರ್ ತೆಗೆದು ಹೊಸದನ್ನು ಹಾಕುವ ಕೆಲಸ ಹೂ ಎತ್ತಿದ ಹಾಗೆ ಮುಗಿದಿತ್ತು. ಕೆಲವು ದಿನ ಕಳೆದು ನೋಂದಣಿ ಕೌಂಟರಿನವಳು ಬಂದಳು.

"ಅಕ್ಕಾ, ಕೆಲವು ಹಳೇ ಪೇಷೆಂಟ್‌ಗಳು ಹುಡುಕಿದ್ರೆ ಸಿಗ್ತಾನೇ ಇಲ್ಲ. ಕಾರ್ಡ್ ನೋಡಿ ಹೊಸದಾಗಿ ಸೇರಿಸ್ತಿದೀನಿ."

"ನಂಬರ್ ತಪ್ಪು ಹೊಡೆದಿರ್ತೀಯ, ನೋಡು," ಎಂದಳು ಅಕ್ಕ, ತಲೆಯೆತ್ತದೆ.

ಅದೇ ವಾರ, ಮೈಮೇಲೆ ಎಚ್ಚರವಿಲ್ಲದಷ್ಟು ಜ್ವರದಲ್ಲಿದ್ದ ಮುದಿ ಟೈಲರನನ್ನು ಮಗಳು ಕರೆತಂದಳು. ಅವನಿಗೆ ಒಂದು ಇಂಜೆಕ್ಷನ್ ಆಗಿಬರುವುದಿಲ್ಲವೆಂದು ಹಳೆಯ ದಾಖಲೆಯಲ್ಲಿತ್ತು. ನರ್ಸ್ ಎದುರು ತೆರೆದುಕೊಂಡದ್ದು ಕೌಂಟರಿನಲ್ಲಿ ಹೊಸದಾಗಿ ಸೇರಿಸಿದ ದಾಖಲೆ. ಅಲ್ಲಿ ಆ ಜಾಗ ಖಾಲಿ. ಚುಚ್ಚಿದ ಸ್ವಲ್ಪ ಹೊತ್ತಿಗೇ ಅವನ ಉಸಿರು ಕಟ್ಟಿತು. ಉಳಿಯಲಿಲ್ಲ.

ಗೂಬೆ ಕೂತದ್ದು ನರ್ಸ್ ತಲೆಯ ಮೇಲೆ. ಆಕೆಯನ್ನು ಕೆಲಸದಿಂದ ದೂರ ಇಟ್ಟರು.

ಅಕ್ಕ ಟೈಲರನ ನಂಬರ್ ಹೊಡೆದು ಹುಡುಕಿದಳು. ಹೊಸ ದಾಖಲೆಯೊಂದೇ ಬಂತು. ಯಾವ ನಂಬರ್ ಎಲ್ಲಿದೆ ಎಂದು ತೋರಿಸುವ ಪಟ್ಟಿಯಾದ ಇಂಡೆಕ್ಸನ್ನು ಮುಟ್ಟದೆ ಮೊದಲಿಂದ ಕೊನೆಯವರೆಗೆ ಒಂದೊಂದೇ ಸಾಲು ಓದಿ ಹುಡುಕು ಎಂದು ಕಂಪ್ಯೂಟರಿಗೆ ಆಜ್ಞೆ ಕೊಟ್ಟಳು. ಈ ಸಲ ಎರಡು ಸಾಲು ಬಂದವು. ಒಬ್ಬನೇ ಮನುಷ್ಯ, ಒಂದೇ ನಂಬರ್.

ಒಂದು ನಂಬರನ್ನು ಎರಡು ಸಲ ಸೇರಿಸಲು ಡೇಟಾಬೇಸ್ ಬಿಡುವುದಿಲ್ಲ. ಆದರೆ ನಂಬರ್ ಮೊದಲೇ ಇದೆಯೇ ಎಂದು ಅದು ನೋಡುವುದೂ ಇಂಡೆಕ್ಸಿನಲ್ಲೇ. ಇಂಡೆಕ್ಸ್ ಜೋಡಿಸಿದ್ದದ್ದು ಹಳೆಯ ಕ್ರಮದಲ್ಲಿ. ಹೊಸ ಸಾಫ್ಟ್‌ವೇರ್ ಪೇಷೆಂಟ್ ನಂಬರಿನಲ್ಲಿ ಬರುವ ಅಕ್ಷರ, ಅಡ್ಡಗೆರೆ, ಅಂಕಿಗಳಲ್ಲಿ ಯಾವುದು ಮೊದಲು ಎನ್ನುವ ಕ್ರಮವನ್ನೇ ಬದಲಿಸಿತ್ತು. ನಿಘಂಟಿನಲ್ಲಿ ಬೇರೆಯದೇ ಪುಟ ತೆರೆದು ಪದವೇ ಇಲ್ಲವೆಂದ ಹಾಗೆ, ಅದು ಇದ್ದವರನ್ನೇ ಇಲ್ಲವೆನ್ನುತ್ತಿತ್ತು.

ಇಂಡೆಕ್ಸನ್ನು ಹೊಸದಾಗಿ ಕಟ್ಟಲು ಹೋದರೆ, ಒಂದೇ ನಂಬರಿನ ಜೋಡಿ ಸಾಲುಗಳಿವೆ, ಆಗದು ಎಂದಿತು ಡೇಟಾಬೇಸ್. ಕೌಂಟರಿನವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಜೋಡಿಯನ್ನು ಕೂಡಿಸಿ ಒಂದೇ ದಾಖಲೆ ಮಾಡಿದಳು.

"ಕೌಂಟರಿನವರ ಕೈತಪ್ಪು ಅಂತ ವರದಿ ಬರೆದುಬಿಡಮ್ಮ," ಎಂದರು ದೊಡ್ಡ ಡಾಕ್ಟರ್. "ಸತ್ತವರೇನು ಎದ್ದು ಬರ್ತಾರಾ?"

"ಬರಲ್ಲ ಸರ್. ಆದ್ರೆ ಬದುಕಿರೋರು ಇದಾರಲ್ಲ. ಸಾಫ್ಟ್‌ವೇರ್ ಹಾಕಿದ್ದು ನಾನು. ಇಂಡೆಕ್ಸ್ ನೋಡದೆ ಬಿಟ್ಟಿದ್ದೂ ನಾನೇ."

ಹಾಗೆಯೇ ಬರೆದುಕೊಟ್ಟಳು. ನರ್ಸ್ ಕೆಲಸಕ್ಕೆ ಮರಳಿದಳು. ಆದರೆ ಅಕ್ಕ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಅಕ್ಕ ಟೈಲರನ ಅಂಗಡಿಗೆ ಹೋದಳು. ಮಗಳು ಗಿರಾಕಿಗಳ ಬಟ್ಟೆಗಳನ್ನು ಹೊಲಿಯದೆಯೇ ವಾಪಸು ಕೊಡಲು ಮಡಚುತ್ತಿದ್ದಳು. ಅಕ್ಕ ಎಲ್ಲವನ್ನೂ ಹೇಳಿದಳು.

"ಹಾಗಾದ್ರೆ ಅಪ್ಪಂದು ಬರೆದಿದ್ದೆಲ್ಲಾ ಅಲ್ಲೇ ಇತ್ತಾ?"

"ಇತ್ತಮ್ಮ."

ಮಗಳು ಇನ್ನೊಂದು ಬಟ್ಟೆ ಎತ್ತಿಕೊಂಡಳು. ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ.