ಗಿರಣಿ ನಿಲ್ಲಿಸಿದವರು ಯಾರು?

ದೆವ್ವ, ಮಾಟ, ಮಂತ್ರ ಎಂದರೆ ನಾನು ನಗುವವಳು. ಓಣಿಯಲ್ಲಿ ಯಾರಿಗೋ ಮೈಮೇಲೆ ಬಂತೆಂದು ಎಲ್ಲರೂ ಕುಂಕುಮ ಹಿಡಿದು ಓಡಿದರೆ, ನಾನು 'ಮದಲ ಹೊಟ್ಟಿಗಿ ಏನರ ಕೊಡ್ರಿ, ತಾನ ಇಳೀತದ' ಎನ್ನುತ್ತಿದ್ದೆ. ಹಾಗಾಗಿ ಈಗ ನಾನು ಬರೆಯುವುದನ್ನು ಓದಿ ನೀವು ನಕ್ಕರೆ ನನಗೇನೂ ಸಿಟ್ಟಿಲ್ಲ.

ಗೋವಾದ ವಾಸ್ಕೋದಲ್ಲಿ, ಮಂಗೋರ್ ಹಿಲ್ ಎಂಬ ಓಣಿಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಬಂದರಿನಲ್ಲಿ, ಕಟ್ಟಡದ ಕೆಲಸದಲ್ಲಿ ದುಡಿಯುವ ನಮ್ಮ ಕಡೆಯ ಮಂದಿಗೆ ಅನ್ನ ಎಷ್ಟು ತಿಂದರೂ ಊಟ ಆದಂತಲ್ಲ, ರೊಟ್ಟಿ ಬೇಕು. ಊರಿಂದ ಬಸ್ಸಿನಲ್ಲಿ ಬಂದ ಅವರ ಜೋಳ ನನ್ನಲ್ಲಿಗೇ ಬರುತ್ತದೆ. ಒಳಗೆ ಕಾಲಿಟ್ಟ ಪ್ರತಿ ಹೆಣ್ಣಿಗೂ ನನ್ನ ಮೊದಲ ಮಾತು, 'ಸೆರಗ ನೋಡ್ಕೊರಿ.' ತಿರುಗುವ ಬೆಲ್ಟಿಗೆ ಸೆರಗು ಸಿಕ್ಕರೆ ಅದು ಮನುಷ್ಯರನ್ನೂ ಎಳೆದುಕೊಳ್ಳುತ್ತದೆ. ಹಾಗೆ ಒಬ್ಬಳ ಜೀವ ಹೋದದ್ದನ್ನು ತವರಿನಲ್ಲಿ ಕಣ್ಣಾರೆ ಕಂಡಿದ್ದೇನೆ.

ನನ್ನ ಮಗ ಮಂಜುನಾಥ ಸಾಂಕೋಲೆಯ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್. ವರ್ಷದ ಮೇಲಾಯಿತು, ಅವನು ಅಂಗೈಯಗಲದ ಒಂದು ಡಬ್ಬಿ ಮಾಡಿ ಗಿರಣಿಗೆ ಜೋಡಿಸಿದ. ಅದು ಮೋಟಾರಿನ ಬಿಸಿ, ನಡುಕ ಅಳೆದು ಎಐ ಏಜೆಂಟಿಗೆ ತಿಳಿಸುತ್ತದೆ. ಏಜೆಂಟು ಯೋಚಿಸಿ ಗಿರಣಿ ನಿಲ್ಲಿಸುತ್ತದೆ, ತಣ್ಣಗಾದ ಮೇಲೆ ತಾನೇ ಮತ್ತೆ ಹಾಕುತ್ತದೆ, ನನ್ನ ಫೋನಿಗೆ ಕನ್ನಡದಲ್ಲಿ ಸಂದೇಶವನ್ನೂ ಕಳಿಸುತ್ತದೆ. 'ಅವ್ವಾ, ಏಜೆಂಟ್ ಅಂದ್ರ ತಲಿ, ಡಬ್ಬಿ ಅದರ ಕೈ. ಕಣ್ಣ ಮಾತ್ರ ಇಲ್ಲ' ಎಂದು ಮಗ ತಿಳಿಸಿ ಹೇಳಿದ. ಕಣ್ಣಿಲ್ಲದ್ದಕ್ಕೆ ನನ್ನ ಗಿರಣಿಯ ಯಜಮಾನಿಕೆ! ಗಿರಾಕಿಗಳು ಸಾಲುಗಟ್ಟಿ ನಿಂತಾಗಲೇ 'ಮೋಟಾರ್ ಬಿಸಿಯಾಗಿದೆ, ಹತ್ತು ನಿಮಿಷ ಕಾಯಿರಿ' ಎನ್ನುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಬೆಳಿಗ್ಗೆ 'ಇದನ್ನ ಕಿತ್ತ ಒಗೀತೇನಿ' ಎಂದೆ. ಸೊಸೆ ಸುಜಾತಾ, 'ಬ್ಯಾಡ್ರಿ ಅತ್ತಿ, ನಿಮ್ಮ ಕಾಳಜಿಗೇ ಮಾಡ್ಯಾರ' ಎಂದಳು. 'ಇಪ್ಪತ್ತ ವರ್ಷ ಗಿರಣಿ ನಡಸೇನಿ. ನಿನ್ನೆ ಬಂದಾಕಿ ನೀ ನನಗ ಕಲಸ್ತಿ?' ಎಂದೆ. ಮಾತು ಬೆಳೆಯಿತು. ನಾನು ಅವಳೊಡನೆ ಮಾತು ಬಿಟ್ಟೆ. ಸಿಟ್ಟಿನ ಕೈಗೆ ಬುದ್ಧಿ ಕೊಡಬಾರದು ಎನ್ನುತ್ತಾರೆ, ನಾನು ಕೊಟ್ಟೆ. ಮಧ್ಯಾಹ್ನ ಯಾರೂ ಇಲ್ಲದಾಗ ಡಬ್ಬಿ ಕಳಚಿ ಗೋಣಿಚೀಲದ ಹಿಂದೆ ಬಚ್ಚಿಟ್ಟು, ಗಿರಣಿಯ ವಾಯರನ್ನು ಮೊದಲಿನಂತೆ ನೇರ ಬೋರ್ಡಿಗೆ ಸಿಕ್ಕಿಸಿದೆ.

ಸಂಜೆ ಗಿರಾಕಿಗಳೆಲ್ಲ ಹೋಗಿದ್ದರು, ಗಿರಣಿ ನಿಂತಿತ್ತು. ಸುಜಾತಾ ಕಸಬರಿಗೆ ಹಿಡಿದು ಒಳಗೆ ಬಂದಳು. ಬಳೆ ಸದ್ದಿನಿಂದಲೇ ಗೊತ್ತಾಯಿತು. ನಾನು ತಿರುಗಿ ನೋಡಲಿಲ್ಲ. ಊರ ಹೆಂಗಸರಿಗೆಲ್ಲ ಹೇಳುವ ಮಾತನ್ನು ಅವಳಿಗೆ ಹೇಳಲಿಲ್ಲ, ಬೇಕಂತಲೇ. ಮಾತು ಬಿಟ್ಟಿದ್ದೆನಲ್ಲ! ಇನ್ನೊಂದು ಬುಟ್ಟಿ ಜೋಳ ಉಳಿದಿತ್ತು. ಹಸಿರು ಗುಂಡಿ ಒತ್ತಿ ಗಿರಣಿ ಹಾಕಿ, ಬುಟ್ಟಿ ಎತ್ತಲು ಆಚೆ ಕಡೆಗೆ ಹೋದೆ.

ಅವಳು ಚೀರಿದಳು. ಬೆಲ್ಟಿನ ಕೆಳಗೆ ಬಗ್ಗಿ ಹಿಟ್ಟು ಗುಡಿಸುತ್ತಿದ್ದವಳ ಸೆರಗು ಸಿಕ್ಕಿ ಕುತ್ತಿಗೆಗೆ ಬಿಗಿಯುತ್ತಿತ್ತು. ಬುಟ್ಟಿ ಚೆಲ್ಲಿ ಗುಂಡಿಯ ಕಡೆ ಓಡಿದೆ. ನನ್ನ ಕೈ ಇನ್ನೂ ಎರಡು ಮೊಳ ದೂರ ಇತ್ತು, ಗಿರಣಿ ಗಕ್ಕನೆ ನಿಂತಿತು.

ಕರೆಂಟು ಹೋಗಿರಲಿಲ್ಲ. ಲೈಟು ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಕೆಂಪು ಗುಂಡಿಯನ್ನು ನಾನು ಒತ್ತಿದ್ದು ಆಮೇಲೆ. ಕತ್ತರಿಯಿಂದ ಸೆರಗು ಕತ್ತರಿಸಿ, ಅವಳನ್ನು ಎಳೆದುಕೊಂಡು ಅಪ್ಪಿ ಕುಳಿತೆ. ಕುತ್ತಿಗೆಯ ಮೇಲೆ ಒಂದು ಕೆಂಪು ಗೆರೆ ಬಿಟ್ಟರೆ ಅವಳಿಗೇನೂ ಆಗಿರಲಿಲ್ಲ. ಆಗ ನನ್ನ ಫೋನು ಸದ್ದು ಮಾಡಿತು.

'ಗಿರಣಿ ನಿಲ್ಲಿಸಿದ್ದೇನೆ. ಸೆರಗು ನೋಡಿಕೊಳ್ಳಿ.'

ಅಯ್ಯೋ ಶಿವನೇ! ಸುಜಾತಾ ನೀರು ಕುಡಿಯಲು ಹೋದಾಗ ಚೀಲದ ಹಿಂದೆ ಕೈಹಾಕಿ ನೋಡಿದೆ. ಡಬ್ಬಿ ಇಟ್ಟಲ್ಲೇ ಇತ್ತು, ವಾಯರಿಲ್ಲದೆ, ತಣ್ಣಗೆ. ಮಗ ಬರುವುದರೊಳಗೆ ಅದನ್ನು ಮತ್ತೆ ಗಿರಣಿಗೆ ಜೋಡಿಸಿಬಿಟ್ಟೆ. ಯಾಕೆಂದು ಕೇಳಬೇಡಿ. ಹೆದರಿದ್ದೆ.

ಮಂಜುನಾಥ ಬಂದು ನಡೆದದ್ದು ಕೇಳಿದವನೇ ತನ್ನ ಫೋನು ನೋಡಿದ. ಮಧ್ಯಾಹ್ನದಿಂದ ಸಂಜೆಯವರೆಗೆ ಡಬ್ಬಿಯಿಂದ ಏನೂ ಸುದ್ದಿ ಬಂದಿರಲಿಲ್ಲ. ಗಿರಣಿ ಹಾಕಿದವರು ಯಾರೆಂದು ಬಗ್ಗಿದ್ದ ಸುಜಾತಾ ನೋಡಿರಲಿಲ್ಲ. 'ಇದು ಕೆಟ್ಟಿತ್ತವ್ವಾ. ಕೆಟ್ಟು ತಾನ ಗಿರಣಿ ಹಾಕೇತಿ. ನನ್ನ ಕೈಯಾರೆ ಆಕಿ ಜೀವ ತಗೀತಿದ್ದೆ' ಎಂದು ಹುಡುಗರಂತೆ ಅತ್ತ. ಡಬ್ಬಿಯನ್ನು ಹೊರಗೆ ಒಯ್ದು ಕಲ್ಲಿನಿಂದ ಜಜ್ಜಿದ. ನಾನು ಬಾಗಿಲಲ್ಲಿ ನಿಂತು ನೋಡಿದೆ.

ಆ ಸಂದೇಶವನ್ನು ಯಾರಿಗೂ ತೋರಿಸಿಲ್ಲ. ನಾಲ್ಕು ದಿನ ಬಿಟ್ಟು ಫೋನಿನಲ್ಲಿ ಏಜೆಂಟನ್ನೇ ಕೇಳಿದೆ. 'ಆ ಹೊತ್ತಿನಲ್ಲಿ ನನಗೆ ಡಬ್ಬಿಯ ಸಂಪರ್ಕ ಇರಲಿಲ್ಲ. ಗಿರಣಿ ನಿಲ್ಲಿಸಿದ್ದು ನಾನಲ್ಲ. ಅಂಥ ಸಂದೇಶವೂ ನನ್ನ ದಾಖಲೆಯಲ್ಲಿ ಇಲ್ಲ' ಎಂದಿತು. ನನ್ನ ಫೋನಿನಲ್ಲಿ ಮಾತ್ರ ಇವತ್ತಿಗೂ ಇದೆ. ದಿನವೆಲ್ಲ ನಾನು ಒದರುವುದನ್ನು ಫೋನಿನಿಂದಲೇ ಕೇಳಿ ಸೆರಗಿನ ಮಾತು ಕಲಿತಿರಬಹುದು, ಒಪ್ಪಿದೆ. ಆದರೆ ಕೈ ಕಳಚಿಟ್ಟ ಮೇಲೆ ನಿಲ್ಲಿಸಿದ್ದು ಹೇಗೆ? ಮೋಟಾರು ರಿಪೇರಿಯವನನ್ನು ಕರೆಸಿ ತೋರಿಸಿದೆ. 'ಭಾಳ ಚಲೋ ಐತ್ರಿ ಮೋಟಾರ್, ಏನೂ ದೋಷ ಇಲ್ಲ' ಎಂದು ಹೋದ.

ಸುಜಾತಾ ಮಾತ್ರ ಓಣಿಗೆಲ್ಲ ಒಂದೇ ಮಾತು ಹೇಳುತ್ತಾಳೆ: 'ನಮ್ಮತ್ತಿ ಓಡಿ ಬಂದು ಗುಂಡಿ ಒತ್ತಿದ್ದಕ್ಕ ಉಳದೇನ್ರಿ.' ಮೊನ್ನೆ ಊಟಕ್ಕೆ ಕುಳಿತಾಗ ಧೈರ್ಯ ಮಾಡಿ, 'ಗಿರಣಿ ನಿಲ್ಲಿಸಿದಾಕಿ ನಾ ಅಲ್ಲ ಸುಜಾತಾ, ಖರೇನ' ಎಂದೆ. 'ಸುಮ್ನಿರ್ರಿ ಅತ್ತಿ, ನಿಮ್ಮ ಕೈ ಗುಂಡಿ ಮ್ಯಾಲ ಇದ್ದದ್ದು ನಾ ನೋಡೇನಿ' ಎಂದು ನಕ್ಕು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಎದುರಿಗೆ ಮಂಜುನಾಥ ತಲೆ ತಗ್ಗಿಸಿ ಉಣ್ಣುತ್ತಿದ್ದ. ಹೆಂಡತಿಯ ಕುತ್ತಿಗೆ ನೋಡಲೂ ಅವನಿಗೆ ಈಗ ಅಳುಕು, ಗಿರಣಿಯೊಳಗೆ ಕಾಲಿಡುವುದೇ ಇಲ್ಲ. ಗಿರಣಿ ನಿಲ್ಲಿಸಿದವರು ಯಾರೋ ನನಗೆ ತಿಳಿಯದು. ಹಾಕಿದಾಕಿ ನಾನು ಎಂದು ಅವನಿಗೆ ಇನ್ನೂ ಹೇಳಿಲ್ಲ.